ಏರು-ಇಳಿತ ಇಲ್ಲದೆ ನಡೆಯಲು ಕಾಸರಗೋಡಿನಲ್ಲಿ ಜಾಗ ಉಂಟಾ? ಗದ್ದೆ ಬೈಲು, ನೀರಿನ ಪಳ್ಳ, ಕಾಂಡ್ಲ (ಮ್ಯಾಂಗ್ರೋವ್) ಯಾವುದಾದರೂ ಸರಿ

ಮುಳ್ಳೇರಿಯದ ಭಾವ:
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ನನಗೆ ಮಾತ್ರ ದೊಡ್ಡದು. ಎಡಗಾಲಿನ ಮೊಣಗಂಟು ಕಳೆದ ಮಳೆಗಾಲದಿಂದ ಹೇಳಿದ ಮಾತು ಕೇಳುತ್ತಿಲ್ಲ. ಡಾಕ್ಟ್ರು ಹೇಳಿದ್ದು ಇಷ್ಟೇ: ನಡೆಯುವುದು ಬಿಡಬೇಡಿ, ಹತ್ತಿ ಇಳಿಯುವುದು ಕಡಿಮೆ ಮಾಡಿ. ಅವರಿಗೇನು, ಹೇಳಿ ಮುಗಿಯಿತು. ನಮ್ಮ ಮನೆಯಿಂದ ಗೇಟಿಗೆ ಹೋಗಲಿಕ್ಕೇ ನಲ್ವತ್ತು ಮೆಟ್ಟಿಲು. ಹಾಲಿನ ಸೊಸೈಟಿಗೆ ಹೋಗಬೇಕಾದರೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು, ಕ್ಯಾನು ಬೇರೆ ಕೈಯಲ್ಲಿ.

ಶಾಲೆಯ ಮೈದಾನಕ್ಕೆ ಸುತ್ತು ಹಾಕಿ ನೋಡಿದೆ. ಮೂರನೇ ದಿನಕ್ಕೆ ಬೇಸರ ಬಂತು, ಗಾಣದ ಎತ್ತಿನ ನೆನಪಾಯಿತು. ಹೋದ ವರ್ಷ ಮಗಳ ಜೊತೆ ಕುಮರಕಂಗೆ ಹೋಗಿದ್ದೆ. ಅಲ್ಲಿಯ ಪಕ್ಷಿಧಾಮ ಬರೀ 14 ಎಕರೆ, ಹಿಂದೊಮ್ಮೆ ರಬ್ಬರ್ ತೋಟ ಆಗಿತ್ತಂತೆ. ಆದರೆ ನೆಲ ಅಂಗೈ ಹಾಗೆ. ಒಂದು ಕಡೆ ನೀರಿನ ತೋಡು, ಒಂದು ಕಡೆ ಮರ, ಮೇಲೆ ನೀರುಕಾಗೆಗಳ ಗಲಾಟೆ. ಎಷ್ಟು ನಡೆದೆ ಅಂತ ಗೊತ್ತೇ ಆಗಲಿಲ್ಲ.

ಅಂಥದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಮೂರು ನಾಲ್ಕು ಕಿಲೋಮೀಟರ್ ಸಾಕು. ನೀರು ಇರಬೇಕು, ಹಕ್ಕಿ ಇದ್ದರೆ ಒಳ್ಳೆಯದು, ಕೊನೆಗೆ ಒಂದು ಚಾ ಸಿಗಬೇಕು. ದಯವಿಟ್ಟು ರಾಣಿಪುರ, ಪೊಸಡಿಗುಂಪೆ ಹೇಳಬೇಡಿ, ಎರಡೂ ಬೆಟ್ಟ.

ಉಪ್ಪಳ ಎಕ್ಸ್‌ಪ್ರೆಸ್:
ರಾಣಿಪುರ.

ಮುಳ್ಳೇರಿಯದ ಭಾವ:
ಒಬ್ಬರಾದರೂ ಹೇಳ್ತೀರಿ ಅಂತ ಗೊತ್ತಿತ್ತು.

ಬೆಂಗಳೂರಿನ ಬಿಡಾರ:
ನಮ್ಮ ಜಿಲ್ಲೆಯಲ್ಲಿ ಚಪ್ಪಟೆಯಾಗಿ ಇರುವುದು ರೈಲ್ವೆ ಪ್ಲಾಟ್‌ಫಾರಂ ಒಂದೇ ಭಾವ. ಅದರಲ್ಲೂ ಆಚೆ ಪ್ಲಾಟ್‌ಫಾರಂಗೆ ಹೋಗಲು ಮೆಟ್ಟಿಲು ಹತ್ತಬೇಕು.

ಕುಂಬಳೆಯ ಬೈನಾಕ್ಯುಲರ್:
ನೀವು ಹುಡುಕುವ ಕಡೆಯೇ ತಪ್ಪು. ನಮ್ಮಲ್ಲಿ ಸಮತಟ್ಟು ನೆಲ ಇರುವುದು ಗುಡ್ಡದ ತಲೆಯ ಮೇಲೆ. ಪದವು ಅನ್ನುವುದು ಅದನ್ನೇ ಅಲ್ವಾ? ಕೆಳಗಿನಿಂದ ನೋಡಿದರೆ ಗುಡ್ಡ, ಮೇಲೆ ಹೋಗಿ ನಿಂತರೆ ಮುರಕಲ್ಲಿನ (ಜಂಬಿಟ್ಟಿಗೆ) ಅಂಗಳ. ಆಟೋ ಮಾಡಿ ಮೇಲೆ ಇಳಿಯಿರಿ. ಆಮೇಲೆ ಎರಡು ಗಂಟೆ ನಡೆದರೂ ಮೊಣಗಂಟು ತಕರಾರು ಮಾಡುವುದಿಲ್ಲ.

ಕಿದೂರಿಗೆ ಹೋಗಿ. ಕುಂಬಳೆ ಪಂಚಾಯತಿನಲ್ಲೇ ಇದೆ, ಈಗ ಪಕ್ಷಿಗ್ರಾಮ ಅಂತಲೇ ಹೆಸರು. 150ಕ್ಕೂ ಜಾಸ್ತಿ ಜಾತಿಯ ಹಕ್ಕಿ ಅಲ್ಲಿ ಲೆಕ್ಕಕ್ಕೆ ಸಿಕ್ಕಿದೆ. ಪದವಿನ ತಗ್ಗಿನಲ್ಲಿ ಮಳೆನೀರು ನಿಂತು ಆಗುವ ಪಳ್ಳಗಳು ಇವೆ, ಕಾಜೂರು ಪಳ್ಳ ಅಂತ ಒಂದು. ಮಳೆ ನಿಂತ ಮೇಲೆ, ಅಕ್ಟೋಬರಿಂದ ಫೆಬ್ರವರಿವರೆಗೆ, ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ಸಿಳ್ಳೆ ಬಾತು ಹಾರುವಾಗ ನಿಜವಾಗಿಯೂ ಸಿಳ್ಳೆ ಕೇಳುತ್ತದೆ, ನಾನು ಮೊದಲ ಸಲ ಯಾರೋ ಹುಡುಗರು ಅಂತ ತಿರುಗಿ ನೋಡಿದ್ದೆ.

ಒಂದೇ ಮಾತು. ಟಿಟ್ಟಿಭ ತಲೆಯ ಮೇಲೆ ಸುತ್ತು ಹೊಡೆದು ಬೈಯಲು ಶುರು ಮಾಡಿದರೆ ಅಲ್ಲಿಂದ ಹಿಂದೆ ಬನ್ನಿ. ಅದು ನೆಲದ ಮೇಲೆ ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗುವುದಿಲ್ಲ, ತುಳಿದ ಮೇಲೆ ಗೊತ್ತಾಗುತ್ತದೆ.

ನೀರ್ಚಾಲು ಮಾಷ್ಟ್ರು:
ಬೈನಾಕ್ಯುಲರ್ ಹೇಳಿದ್ದು ಸರಿ. ನಮ್ಮ ಊರಿನ ಹೆಸರುಗಳೇ ಅದನ್ನು ಹೇಳುತ್ತವೆ. ಬದಿಯಡ್ಕ, ಪಳ್ಳತ್ತಡ್ಕ, ಧರ್ಮತ್ತಡ್ಕ. ಅಡ್ಕ ಅಂದರೆ ಗಟ್ಟಿ ನೆಲದ ಬಯಲು. ಪಳ್ಳತ್ತಡ್ಕದಲ್ಲಂತೂ ಪಳ್ಳವೂ ಇದೆ ಅಡ್ಕವೂ ಇದೆ. ಹೆಸರು ಇಟ್ಟವರು ನಡೆದು ನೋಡಿಯೇ ಇಟ್ಟಿದ್ದಾರೆ.

ಮಳೆಗಾಲದಲ್ಲೂ ಒಮ್ಮೆ ಹೋಗಿ. ಆಗಸ್ಟ್-ಸೆಪ್ಟೆಂಬರಿನಲ್ಲಿ ಪದವಿನ ತೆಳು ನೀರಿನಲ್ಲಿ ನೀಲಿ ಹೂ ಹಾಸಿಕೊಂಡಿರುತ್ತದೆ. ಮಲಯಾಳದವರು ಕಾಕ್ಕಪ್ಪೂ ಅನ್ನುತ್ತಾರೆ, ಓಣಂ ಪೂಕಳಕ್ಕೆ ಕೊಯ್ಯುತ್ತಾರೆ. ನೋಡಲಿಕ್ಕೆ ಪಾಪದ ಹೂ, ಕೆಲಸ ಮಾತ್ರ ಬೇರೆ. ಅದರ ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಿನ ಸಣ್ಣ ಹುಳ ಬಾಗಿಲು ಮುಟ್ಟಿದರೆ ಒಳಗೆ ಎಳೆದುಕೊಂಡು ಜೀರ್ಣ ಮಾಡುತ್ತದೆ. ಮುರಕಲ್ಲಿನ ಮೇಲೆ ಮಣ್ಣೇ ಇಲ್ಲ, ಸಾರ ಎಲ್ಲಿಂದ ಬರಬೇಕು? ಹಾಗಾಗಿ ಬೇಟೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಒಬ್ಬ ಹುಡುಗ ಎರಡು ದಿನ ಹೂವಿನ ಹತ್ತಿರ ಕೈ ತೆಗೆದುಕೊಂಡು ಹೋಗಲೇ ಇಲ್ಲ.

ಉಪ್ಪಳ ಎಕ್ಸ್‌ಪ್ರೆಸ್:
ಮಾಷ್ಟ್ರೇ, ಅದು ಮೊಣಗಂಟು ತಿನ್ನುತ್ತದಾ?

ಪೆರ್ಲದ ಅಕ್ಕ:
ಪದವು ಚಂದ, ಒಪ್ಪಿದೆ. ಆದರೆ ಅಕ್ಟೋಬರ್-ನವೆಂಬರಿನ ಸಿಡಿಲಿನ ವಿಷಯ ಯಾಕೆ ಯಾರೂ ಹೇಳುವುದಿಲ್ಲ? ಆ ಎರಡು ತಿಂಗಳು ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಮೂರು ಗಂಟೆಗೆ ಮೋಡ ಕಟ್ಟುತ್ತದೆ. ಪದವಿನ ಮೇಲೆ ನಿಂತರೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ನಾವು ಅಕ್ಕತಂಗಿಯರು ಒಮ್ಮೆ ನೆಲ್ಲಿಕಾಯಿ ಹೆಕ್ಕಲು ಹೋಗಿ ಸಿಕ್ಕಿಹಾಕಿಕೊಂಡಿದ್ದೆವು. ಓಡಲು ಮರ ಇಲ್ಲ, ಇದ್ದರೂ ಮರದಡಿ ನಿಲ್ಲಬಾರದು. ಕೊನೆಗೆ ಅಮ್ಮ ಹೇಳಿದ್ದು ನೆನಪಾಗಿ ಕುಕ್ಕರುಗಾಲಲ್ಲಿ ಕುಳಿತೆವು. ಪಕ್ಕದಲ್ಲೆಲ್ಲೋ ಹೊಡೆಯಿತು. ಹತ್ತು ನಿಮಿಷ ಕಿವಿ ಕೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೆಳಗೆ ಬಂದುಬಿಡಿ ಭಾವ.

ಇನ್ನೊಂದು, ಕಲ್ಲು ಕಡಿದು ಬಿಟ್ಟ ಹೊಂಡಗಳು. ಹುಲ್ಲು ಬೆಳೆದಾಗ ಅಂಚು ಕಾಣುವುದಿಲ್ಲ. ಮಳೆಗಾಲದಲ್ಲಿ ನೀರು ತುಂಬಿದರೆ ಆಳವೂ ಗೊತ್ತಾಗುವುದಿಲ್ಲ. ದನ ಹೋಗುವ ದಾರಿಯಲ್ಲೇ ಹೋಗಿ.

ಮಂಜೇಶ್ವರದ ಫಿಸಿಯೊ:
ವೃತ್ತಿಯವಳಾಗಿ ಒಂದು ಮಾತು. ಸಮತಟ್ಟು ಬೇರೆ, ಸಲೀಸು ಬೇರೆ. ಗದ್ದೆಯ ಹುಣಿ, ಅಂದರೆ ಬದು, ಸಮತಟ್ಟೇ, ಆದರೆ ಒಂದಡಿ ಅಗಲ, ಒಂದು ಕಡೆ ಜಾರು. ಅದರ ಮೇಲೆ ಕಾಲು ಪ್ರತಿ ಹೆಜ್ಜೆಗೂ ಒಳಗೆ ಹೊರಗೆ ತಿರುಗುತ್ತದೆ. ಕೆಸರಿನಿಂದ ಕಾಲು ಎಳೆಯುವಾಗ ಮೊಣಗಂಟಿಗೆ ಬೀಳುವ ತಿರುಚು ಮೆಟ್ಟಿಲಿಗಿಂತ ಕಡಿಮೆ ಏನಲ್ಲ. ಮೊದಲು ಗಟ್ಟಿ ನೆಲ, ಅರ್ಧ ಗಂಟೆ. ಆಮೇಲೆ ಹುಣಿ. ಕೈಯಲ್ಲಿ ಒಂದು ಕೋಲು ಇರಲಿ, ನೋವಿಲ್ಲದ ಕಡೆಯ ಕೈಯಲ್ಲಿ, ಅಂದರೆ ನಿಮಗೆ ಬಲಗೈ. ಎಲ್ಲರೂ ನೋವಿರುವ ಕಡೆಗೇ ಹಿಡಿಯುತ್ತಾರೆ, ಅದು ತಪ್ಪು.

ಮುಳ್ಳೇರಿಯದ ಭಾವ:
ಎರಡು ತಿಂಗಳಿಂದ ಎಡಗೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದೇನೆ. ಥ್ಯಾಂಕ್ಸ್ ಅಕ್ಕ. ಉದ್ದ ಕಾಲಿನ ಕೊಡೆ ಆಗಬಹುದಾ?

ಮಂಜೇಶ್ವರದ ಫಿಸಿಯೊ:
ತುದಿಗೆ ರಬ್ಬರ್ ಬುಶ್ ಹಾಕಿಸಿದರೆ ಆಗಬಹುದು. ಮುರಕಲ್ಲಿನ ಮೇಲೆ ಬರೀ ಕಬ್ಬಿಣದ ತುದಿ ಜಾರುತ್ತದೆ.

ನೀಲೇಶ್ವರದ ಕನ್ನಡಿಗ:
ಜಿಲ್ಲೆಯ ತೆಂಕು ಭಾಗ ಅಂದರೆ ನಿಮಗೆಲ್ಲ ಬೇರೆ ದೇಶ. ಕವ್ವಾಯಿ ಕಾಯಲ್ ಇದೆ ಮಾರಾಯ್ರೆ! ಉತ್ತರ ಕೇರಳದಲ್ಲಿ ಅದಕ್ಕಿಂತ ದೊಡ್ಡ ಹಿನ್ನೀರು ಇಲ್ಲ. ಐದು ಹೊಳೆ ಬಂದು ಸೇರುತ್ತವೆ. ತೃಕರಿಪುರದ ಹತ್ತಿರ ವಲಿಯಪರಂಬ ಅಂತ ಉದ್ದದ ಮರಳು ದ್ವೀಪ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಯಲ್, ನಡುವೆ ತೆಂಗಿನ ತೋಟ. ಗುಡ್ಡ ಅಂತ ಹೇಳಲು ಮರಳಿನ ರಾಶಿಯೂ ಇಲ್ಲ. ಬೆಳಿಗ್ಗೆ ಬೇಗ ಹೊರಟರೆ ಕಾಯಲಿನ ಬದಿಯಲ್ಲಿ ಕಾಂಡ್ಲ, ನೀರು ಇಳಿದಾಗ ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಒಂದು ಕೊಂಬು ಮಾತ್ರ ದೊಡ್ಡದಿರುವ ಏಡಿ. ಆ ಏಡಿ ಕೊಂಬು ಬೀಸುವುದು ನೋಡಿದರೆ ಬಸ್ಸಿಗೆ ಕೈ ತೋರಿಸುವ ಹಾಗೆಯೇ.

ಆದರೆ ಉಬ್ಬರ-ಇಳಿತ ನೋಡಿ ಹೋಗಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಹೆಚ್ಚುಕಡಿಮೆ ಐವತ್ತು ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಏಳಕ್ಕೆ ಖಾಲಿ ಇದ್ದ ದಾರಿ ಮುಂದಿನ ಭಾನುವಾರ ಏಳಕ್ಕೆ ನೀರಿನಡಿ ಇರಬಹುದು. ಅಮಾವಾಸ್ಯೆ, ಹುಣ್ಣಿಮೆಗೆ ಜಾಸ್ತಿ. ಇಲ್ಲಿಯವರು ವೇಲಿಯೇಟ್ಟ ಅನ್ನುತ್ತಾರೆ, ಯಾರ ಮನೆಯ ಅಜ್ಜಿಯನ್ನು ಕೇಳಿದರೂ ಗಡಿಯಾರ ನೋಡದೆ ಹೇಳುತ್ತಾರೆ.

ಬೆಂಗಳೂರಿನ ಬಿಡಾರ:
ಆ್ಯಪ್ ಇದೆಯಲ್ಲ.

ನೀಲೇಶ್ವರದ ಕನ್ನಡಿಗ:
ಅಜ್ಜಿ ಚಾ ಕೂಡಾ ಕೊಡುತ್ತಾರೆ.

ಹೊನ್ನಾವರದ ಸೊಸೆ:
ನಾನು ಮದುವೆಯಾಗಿ ಬದಿಯಡ್ಕಕ್ಕೆ ಬಂದವಳು, ತವರು ಹೊನ್ನಾವರ. ಅಲ್ಲಿ ಶರಾವತಿಯ ಕಾಂಡ್ಲಾ ವನದ ಒಳಗೆ ಮರದ ಹಲಗೆ ಹಾಸಿ ದಾರಿ ಮಾಡಿದ್ದಾರೆ. ವೀಲ್‌ಚೇರ್ ಹೋಗುವಷ್ಟು ಸಪಾಟು. ನನ್ನ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಎಪ್ಪತ್ತು ದಾಟಿದೆ, ಒಂದು ಹನಿ ಕೆಸರು ಸೀರೆಗೆ ಆಗಲಿಲ್ಲ. ಕಡಲುಂಡಿಯಲ್ಲೂ ಹೀಗೇ ಹಲಗೆ ದಾರಿ ಇದೆ ಅಂತ ಕೇಳಿದ್ದೇನೆ. ಕುಂಬಳೆ, ಶಿರಿಯ ಅಳಿವೆಯಲ್ಲಿ ಇಷ್ಟೊಂದು ಕಾಂಡ್ಲ ಇದೆ, ಇಲ್ಲಿ ಯಾಕೆ ಮಾಡಬಾರದು? ವಯಸ್ಸಾದವರು, ಕಾಲು ನೋವಿನವರು ನೋಡುವುದೇ ಬೇಡವಾ?

ಕುಂಬಳೆಯ ಬೈನಾಕ್ಯುಲರ್:
ಅಕ್ಕ, ನನಗೆ ಹಲಗೆ ದಾರಿ ಅಂದರೆ ಭಯ. ಮೊದಲು ಹಲಗೆ, ಆಮೇಲೆ ಸೆಲ್ಫಿ ಚೌಕಟ್ಟು, ಆಮೇಲೆ ಐಸ್‌ಕ್ರೀಂ ಗಾಡಿ, ಆಮೇಲೆ ಪ್ಲಾಸ್ಟಿಕ್ ತಟ್ಟೆ. ಹಕ್ಕಿ ಎಲ್ಲಿರುತ್ತದೆ? ನಾನು ಕೆಲವು ಜಾಗ ಇಲ್ಲಿ ಬರೆಯುವುದೇ ಇಲ್ಲ. ನನ್ನ ಕೇಳಿದರೆ ಸುತ್ತ ಬೇಲಿ ಹಾಕಿ ಜನ, ದನ ಎರಡನ್ನೂ ಹೊರಗಿಡಬೇಕು.

ನೀರ್ಚಾಲು ಮಾಷ್ಟ್ರು:
ಬೇಲಿಯ ಕಥೆ ಒಂದು ಹೇಳುತ್ತೇನೆ. ರಾಜಸ್ಥಾನದ ಭರತಪುರ ಕೇಳಿದ್ದೀರಲ್ಲ, ಕೇವಲಾದೇವ್ ಪಕ್ಷಿಧಾಮ. 29 ಚದರ ಕಿಲೋಮೀಟರ್, ಪೂರ್ತಿ ಸಮತಟ್ಟು, ಸೈಕಲ್ ರಿಕ್ಷಾದಲ್ಲೇ ತಿರುಗಬಹುದು. ರಾಜರು ಬಾತುಕೋಳಿ ಬೇಟೆಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಜಾಗ ಅದು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ಎಮ್ಮೆ ಮೇಯಿಸುವುದು ನಿಂತಿತು. ಎಲ್ಲರೂ ಹಕ್ಕಿಗೆ ಒಳ್ಳೆಯದಾಯಿತು ಅಂದುಕೊಂಡರು. ಆದದ್ದು ಏನು? ಎಮ್ಮೆ ತಿನ್ನುತ್ತಿದ್ದ ಹುಲ್ಲು ನೀರಿನ ಮೇಲೆಲ್ಲ ಹಬ್ಬಿತು. ಬಾತುಗಳಿಗೆ ಈಜಲು ತೆರೆದ ನೀರೇ ಕಡಿಮೆಯಾಯಿತು. ಆಮೇಲೆ ಅಲ್ಲಿ ಕೂತು ಅಧ್ಯಯನ ಮಾಡಿದವರೇ ಎಮ್ಮೆ ಬೇಕಿತ್ತು ಅಂತ ಬರೆದರು. ಹಾಗಾಗಿ ದನ ಹೊರಗೆ ಅನ್ನುವ ಮೊದಲು ಎರಡು ಸಲ ಯೋಚಿಸಿ.

ಕುಂಬಳೆಯ ಬೈನಾಕ್ಯುಲರ್:
ಇದು ಗೊತ್ತಿರಲಿಲ್ಲ ಮಾಷ್ಟ್ರೇ. ಎಮ್ಮೆ ಓಕೆ. ಐಸ್‌ಕ್ರೀಂ ಗಾಡಿ ಈಗಲೂ ಬೇಡ.

ಬೈಲುಕರೆ:
ಎರಡು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಹುಣಿ ಹುಣಿ ಅನ್ನುತ್ತೀರಿ. ಆ ಹುಣಿ ಯಾರು ಮಾಡಿದ್ದು ಅಂತ ಯಾರಾದರೂ ಕೇಳಿದಿರಾ? ನಮ್ಮ ಬೈಲಿನಲ್ಲಿ ನಾವು ನಾಲ್ಕು ಮನೆಯವರು ಈಗಲೂ ಬೇಸಾಯ ಮಾಡುತ್ತೇವೆ. ಪ್ರತಿ ಏಣೆಲಿಗೆ, ಮಳೆಗಾಲದ ಬೆಳೆಗೆ, ಹುಣಿಯ ಹುಲ್ಲು ಕೆತ್ತಿ, ಏಡಿ ಮಾಡಿದ ತೂತು ಮುಚ್ಚಿ, ಕೆಸರು ಮೆತ್ತಿ, ತಟ್ಟಿ ನಯ ಮಾಡಬೇಕು. ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಹೊಸ ಕೆಸರಿನ ಹುಣಿಯ ಮೇಲೆ ಶೂ ಹಾಕಿದವರು ಇಬ್ಬರು ನಡೆದರೆ ನಮ್ಮ ಒಂದು ದಿನದ ಕೆಲಸ ಹೋಯಿತು. ಕಳೆದ ವರ್ಷ ಕ್ಯಾಮೆರಾ ಹಿಡಿದ ಒಂದು ಗುಂಪು ಬಂದು ಅದನ್ನೇ ಮಾಡಿತು. ಕೇಳಿದರೆ "ನೇಚರ್ ವಾಕ್" ಅಂದರು. ಗದ್ದೆ ನಮ್ಮದು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಈಗ ಲೆಕ್ಕ ಹೇಳಿ. ನಾಟಿಗೆ ಜನ ಸಿಗುವುದಿಲ್ಲ. ಸಿಕ್ಕಿದರೆ ಕೂಲಿ ಕೊಟ್ಟು ಮುಗಿಯುವುದಿಲ್ಲ. ಅಕ್ಕಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಆಚೆಮನೆಯವರು ಅಡಕೆ ಸಸಿ ಇಟ್ಟು ಕಾರು ತೆಗೆದುಕೊಂಡರು. ನಿಮ್ಮ ವಾಕಿಂಗಿಗೆ ನಾನು ಗದ್ದೆ ಇಟ್ಟುಕೊಳ್ಳಬೇಕಾ?

ಪೆರ್ಲದ ಅಕ್ಕ:
ಅಣ್ಣ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮಲ್ಲಿ ಬೈಲು ಹೋಗಿ ಹದಿನೈದು ವರ್ಷ ಆಯಿತು. ಮೊದಲು ಶಾಲೆಗೆ ಹುಣಿಯಲ್ಲೇ ಹೋಗುತ್ತಿದ್ದೆವು, ಹತ್ತು ನಿಮಿಷ. ಈಗ ತೋಟಕ್ಕೆಲ್ಲ ಬೇಲಿ, ಮಕ್ಕಳು ರಸ್ತೆಯಲ್ಲಿ ಸುತ್ತು ಬಳಸಿ ಹೋಗುತ್ತಾರೆ. ಗದ್ದೆ ಹೋದಾಗ ದಾರಿಯೂ ಹೋಯಿತು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಬಾವಿಯ ನೀರು ಮಾರ್ಚಿಗೇ ಕೆಳಗೆ ಹೋದಾಗ ಹೊಳೆಯಿತು.

ಬೆಂಗಳೂರಿನ ಬಿಡಾರ:
ಗದ್ದೆ ತುಂಬಿಸಬಾರದು ಅಂತ ಕಾಯ್ದೆ ಇದೆಯಲ್ಲ ಕೇರಳದಲ್ಲಿ?

ಬೈಲುಕರೆ:
ಇದೆ, 2008ರದ್ದು. ನನ್ನ ಗದ್ದೆ ಅದರ ಡೇಟಾ ಬ್ಯಾಂಕಿನಲ್ಲೂ (ಗದ್ದೆಗಳ ಸರ್ಕಾರಿ ಪಟ್ಟಿ) ಇದೆ. ಮಣ್ಣು ತುಂಬಿಸಬಾರದು ಅಂತ ಕಾಯ್ದೆ ಹೇಳುತ್ತದೆ. ನಾಟಿ ಮಾಡಲು ಕಾಯ್ದೆ ಬರುವುದಿಲ್ಲ.

ಹೊನ್ನಾವರದ ಸೊಸೆ:
ನಮ್ಮ ಕಡೆ ಅಘನಾಶಿನಿಯ ಗಜನಿ ಗದ್ದೆಗಳದ್ದೂ ಇದೇ ಹಾಡು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕಟ್ಟೆ ರಿಪೇರಿಗೆ ಎಲ್ಲರೂ ಸೇರಬೇಕು, ಒಬ್ಬ ಬಿಟ್ಟರೆ ಎಲ್ಲರ ಗದ್ದೆಗೂ ನೀರು. ಕಗ್ಗ ಬೆಳೆಯುವವರು ಈಗ ಬೆರಳೆಣಿಕೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಓದಿ ಖುಷಿಯಾಯಿತು. ಆದರೆ ಕಟ್ಟೆಗೆ ಮಣ್ಣು ಹಾಕುವವರು ಪಟ್ಟಿ ಓದಿ ಬರುವುದಿಲ್ಲವಲ್ಲ.

ನೀಲೇಶ್ವರದ ಕನ್ನಡಿಗ:
ಇಲ್ಲಿ ಅದಕ್ಕೆ ಕೈಪಾಡ್ ಅನ್ನುತ್ತಾರೆ ಅಕ್ಕ. ಮಳೆ ಬಂದು ಉಪ್ಪು ತೊಳೆದ ಮೇಲೆ ಮಣ್ಣಿನ ಗುಪ್ಪೆ ಮಾಡಿ ಅದರ ಮೇಲೆ ಬಿತ್ತುತ್ತಾರೆ, ಸಸಿ ಬೆಳೆದ ಮೇಲೆ ಗುಪ್ಪೆ ಒಡೆದು ಹರಡುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಕಣ್ಣೂರಿನ ಕಾಟ್ಟಂಪಳ್ಳಿಯಲ್ಲಿ ಎರಡು ಬೆಳೆ ತೆಗೆಯೋಣ ಅಂತ 1966ರಲ್ಲಿ ಹೊಳೆಗೆ ಬಾಗಿಲು ಕಟ್ಟಿ ಉಪ್ಪುನೀರು ತಡೆದರು. ಎರಡು ಬೆಳೆ ಹೋಗಲಿ, ಇದ್ದ ಒಂದು ಬೆಳೆಯೂ ಹಾಳಾಯಿತು. ಉಪ್ಪುನೀರು ಬರುವುದೂ ಹೋಗುವುದೂ ಆ ಬೇಸಾಯದ ಭಾಗವೇ ಆಗಿತ್ತು.

ಹುಣಿಯ ಮಾತು ಬಂದದ್ದಕ್ಕೆ ಇನ್ನೊಂದು. ಪಳಯಂಗಾಡಿಯ ಕಲ್ಲೇನ್ ಪೊಕ್ಕುಡನ್ ಹೆಸರು ಕೇಳಿರಬಹುದು, ಕಾಂಡ್ಲ ನೆಟ್ಟವರು, 2015ರಲ್ಲಿ ತೀರಿಕೊಂಡರು. ಅವರು 1989ರಲ್ಲಿ ಗಿಡ ನೆಡಲು ಶುರು ಮಾಡಿದ್ದು ಪರಿಸರ ಉಳಿಸುತ್ತೇನೆ ಅಂತಲ್ಲ. ಹೊಳೆ ಬದಿಯ ಕಟ್ಟೆಯ ಮೇಲೆ ಶಾಲೆಗೆ ಹೋಗುವ ಮಕ್ಕಳಿಗೆ ಗಾಳಿ, ಅಲೆ ಹೊಡೆಯುತ್ತಿತ್ತು. ಅದಕ್ಕೊಂದು ಮರೆ ಆಗಲಿ ಅಂತ. ಸ್ವತಃ ಗದ್ದೆ ಕೆಲಸ ಮಾಡಿದವರು. ಆ ದಾರಿಯ ಕಷ್ಟ ಅವರಿಗೆ ಕಾಲಿನಿಂದಲೇ ಗೊತ್ತಿತ್ತು.

ಉಪ್ಪಳ ಎಕ್ಸ್‌ಪ್ರೆಸ್:
ಎಲ್ಲ ಗಂಭೀರ ಆಯಿತು. ಅನಂತಪುರ ದೇವಸ್ಥಾನದ ಕೆರೆಗೆ ಸುತ್ತು ಹಾಕಿ ಭಾವ. ಸಮತಟ್ಟು, ನೀರು, ಪ್ರಸಾದ, ಜೊತೆಗೆ ಮೊಸಳೆ. ಓಡಬೇಕಾಗಿ ಬಂದರೆ ಮೊಣಗಂಟು ತಾನೇ ಸರಿಯಾಗುತ್ತದೆ.

ಪೆರ್ಲದ ಅಕ್ಕ:
ಆ ಕೆರೆಯ ಮೊಸಳೆ ಬಬಿಯಾನ ತಮಾಷೆ ಮಾಡಬೇಡಿ. 2022ರ ಅಕ್ಟೋಬರಿನಲ್ಲಿ ಅದು ಹೋದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಬೆಂಗಳೂರಿನ ಬಿಡಾರ:
ಮರುವರ್ಷ ಇನ್ನೊಂದು ಮರಿ ಕಾಣಿಸಿತಲ್ಲ. ಅದು ಎಲ್ಲಿಂದ ಬಂತು?

ಕುಂಬಳೆಯ ಬೈನಾಕ್ಯುಲರ್:
ಆ ಚರ್ಚೆ ಶುರುವಾದರೆ ಭಾವನ ಕಾಲು ವಾಸಿಯಾಗುವವರೆಗೂ ಮುಗಿಯುವುದಿಲ್ಲ. ಬೇಡ.

ನೀರ್ಚಾಲು ಮಾಷ್ಟ್ರು:
ವಿಷಯಾಂತರಕ್ಕೆ ಕ್ಷಮೆ ಇರಲಿ. ಕಾಸರಗೋಡು ಅನ್ನುವ ಹೆಸರೇ ಕಾಸಾರದಿಂದ ಬಂತು ಅನ್ನುವವರಿದ್ದಾರೆ. ಕಾಸಾರ ಅಂದರೆ ಕೊಳ, ಸರೋವರ. ಅಂದರೆ ಭಾವ ಕೇಳಿದ ಜಾಗ ಜಿಲ್ಲೆಯ ಹೆಸರಿನಲ್ಲೇ ಇದೆ.

ಕುಂಬಳೆಯ ಬೈನಾಕ್ಯುಲರ್:
ಅಲ್ಲ ಮಾಷ್ಟ್ರೇ, ಕಾಸರಕನ ಮರದಿಂದ. ಕಾಂಜಿರ. ಜಿಲ್ಲೆಯ ಮರ ಅಂತ ಘೋಷಣೆ ಮಾಡಿದ್ದೂ ಅದನ್ನೇ. ಹಕ್ಕಿಗೆ ಬಿಳಿಹೊಟ್ಟೆಯ ಕಡಲ ಹದ್ದು, ಪ್ರಾಣಿಗೆ ಚಂದ್ರಗಿರಿ ಹೊಳೆಯ ಆ ಭೀಮ ಆಮೆ.

ನೀರ್ಚಾಲು ಮಾಷ್ಟ್ರು:
ಹೆಸರು ಎಷ್ಟು ಹಳೆಯದು, ಘೋಷಣೆ ಎಷ್ಟು ಹೊಸದು, ಅದನ್ನೂ ನೋಡು ಮಗಾ. ಎರಡೂ ವಾದ ಇದೆ ಅಂತ ಮಾತ್ರ ನಾನು ಹೇಳಿದ್ದು.

ಉಪ್ಪಳ ಎಕ್ಸ್‌ಪ್ರೆಸ್:
ಹನ್ನೆರಡು ಹೊಳೆ ಇರುವ ಜಿಲ್ಲೆ, ಏಪ್ರಿಲಿನಲ್ಲಿ ಟ್ಯಾಂಕರ್ ನೀರು. ಕಾಸಾರವಂತೆ!

ಮಂಜೇಶ್ವರದ ಫಿಸಿಯೊ:
ಚಪ್ಪಲಿ ವಿಷಯ ಯಾರೂ ಹೇಳಲಿಲ್ಲ. ಹವಾಯಿ ಬೇಡ. ಕೆಸರಿನಲ್ಲಿ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಬರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ.

ಬೈಲುಕರೆ:
ಬರಿಗಾಲು ಒಳ್ಳೆಯದು. ನಮಗೆ ಏನೂ ಆಗಿಲ್ಲ.

ಪೆರ್ಲದ ಅಕ್ಕ:
ಅಣ್ಣ, ಬರಿಗಾಲು ಬೇಡ. ಇಲಿಜ್ವರ ಸುಮ್ನೆ ಅಲ್ಲ. ಇಲಿ, ದನದ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ನಮ್ಮ ಆಶಾ ಕಾರ್ಯಕರ್ತೆ ಮಳೆಗಾಲದಲ್ಲಿ ಗದ್ದೆ, ತೋಡಿಗೆ ಇಳಿಯುವವರಿಗೆಲ್ಲ ಡಾಕ್ಸಿಸೈಕ್ಲಿನ್ ಮಾತ್ರೆ ಕೇಳಿ ತೆಗೆದುಕೊಳ್ಳಿ ಅನ್ನುತ್ತಾರೆ. ಭಾವ, ಗಾಯ ಇದ್ದರೆ ನೀರಿಗೆ ಇಳಿಯಬೇಡಿ. ನಡೆದು ಬಂದ ವಾರದಲ್ಲಿ ಜ್ವರ, ಮೀನಖಂಡ ನೋವು ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಗದ್ದೆ ನೀರಿಗೆ ಇಳಿದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಮೊಣಗಂಟಿನ ನೋವು ಅಂತ ಮನೆಯಲ್ಲೇ ಕೂರಬೇಡಿ.

ನೀಲೇಶ್ವರದ ಕನ್ನಡಿಗ:
ಕಾಂಡ್ಲದ ಬದಿಯಲ್ಲಿ ಕೊಂಬೆ ಮುರಿಯಲೂ ಹೋಗಬೇಡಿ. ಕಣ್ಣಾಂಪೊಟ್ಟಿ ಅಂತ ಒಂದು ಮರ ಇದೆ, ಹೆಸರೇ ಹೇಳುತ್ತದೆ. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಬೆಂಗಳೂರಿನ ಬಿಡಾರ:
ಸಿಡಿಲು, ಹೊಂಡ, ಇಲಿಜ್ವರ, ಕಣ್ಣು ಹೋಗುವ ಮರ, ಮೊಸಳೆ. ಭಾವ, ರಾಣಿಪುರವೇ ಸೇಫ್ ಅನ್ನಿಸುತ್ತದೆ.

ಮುಳ್ಳೇರಿಯದ ಭಾವ:
ಹೋಗಿ ಬಂದೆ. ಎರಡು ಭಾನುವಾರ, ಎರಡು ಜಾಗ.

ಮೊದಲು ಕಿದೂರು. ಆಟೋದವನು "ಅಲ್ಲಿ ಏನುಂಟು?" ಅಂತ ಮೂರು ಸಲ ಕೇಳಿದ. ಇಳಿದಾಗ ಇನ್ನೂ ಮಂಜು ಇತ್ತು. ಬಲಗೈಯಲ್ಲಿ ಕೊಡೆ, ತುದಿಗೆ ರಬ್ಬರ್. ಒಂದೂಕಾಲು ಗಂಟೆ ನಡೆದೆ, ಮೊಣಗಂಟು ಸುಮ್ಮನಿತ್ತು. ಪಳ್ಳದ ಹತ್ತಿರ ಕೂತಿದ್ದಾಗ ಬಾತುಗಳು ಎದ್ದವು. ಸಿಳ್ಳೆ ಕೇಳಿ ನಾನೂ ತಿರುಗಿ ನೋಡಿದೆ. ಟಿಟ್ಟಿಭದ ಬೈಗಳೂ ಸಿಕ್ಕಿತು, ಹಿಂದೆ ಬಂದೆ. ಹಿಂದೆ ಬಂದ ಮೇಲೂ ಸ್ವಲ್ಪ ಬೈಯಿತು.

ಎರಡನೆಯದು, ಬೈಲುಕರೆ ಅಣ್ಣನಿಗೆ ಖಾಸಗಿಯಾಗಿ ಮೆಸೇಜ್ ಮಾಡಿ, ಕೇಳಿಕೊಂಡು, ಅವರ ಬೈಲಿಗೇ ಹೋದೆ. ಕೊಯ್ಲು ಮುಗಿದಿತ್ತು, ಹುಣಿ ಒಣಗಿ ಗಟ್ಟಿಯಾಗಿತ್ತು. ಅವರು ಮುಂದೆ, ನಾನು ಹಿಂದೆ. ತಲೆಯಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸು ಎದುರು ಬಂದರು. ಅಣ್ಣ ಮಾತಿಲ್ಲದೆ ಗದ್ದೆಗೆ ಇಳಿದು ನಿಂತರು, ನಾನೂ ಇಳಿದೆ. ಹೊರೆ ಹೊತ್ತವರಿಗೆ ದಾರಿ ಬಿಡಬೇಕು ಅಂತ ಚಿಕ್ಕಂದಿನಲ್ಲಿ ಗೊತ್ತಿತ್ತು, ಮರೆತುಹೋಗಿತ್ತು. ಕೊಯ್ದ ಗದ್ದೆಯಲ್ಲಿ ಬೆಳ್ಳಕ್ಕಿ, ತೋಡಿನ ಬದಿಯಲ್ಲಿ ಮಿಂಚುಳ್ಳಿ. ಒಂದು ನೀರೊಳ್ಳೆ ನನ್ನನ್ನು ನೋಡಿ ಹೆದರಿತು, ನಾನು ಅದಕ್ಕಿಂತ ಜಾಸ್ತಿ ಹೆದರಿದೆ.

ಬೈಲಿನ ಕೊನೆಯವರೆಗೆ ಹೋಗಲು ಆಗಲಿಲ್ಲ. ತೋಡಿಗೆ ಹಾಕಿದ ಅಡಕೆ ಮರದ ಸಂಕ ಮಳೆಗಾಲದಲ್ಲಿ ಹೋಗಿದೆ. ಅವರು ತೋಡಿಗೆ ಇಳಿದು ದಾಟುತ್ತಾರೆ, ನನಗೆ ಆ ಧೈರ್ಯ ಬರಲಿಲ್ಲ. ವಾಪಸು ಬಂದು ಅವರ ಮನೆಯಲ್ಲಿ ಚಾ, ಅವಲಕ್ಕಿ. ಫಿಸಿಯೊ ಅಕ್ಕ ಹೇಳಿದ್ದು ಸರಿ, ಮರುದಿನ ಮೊಣಗಂಟು ಸ್ವಲ್ಪ ಕೇಳಿತು. ಆದರೆ ಪದವಿಗಿಂತ ಇದೇ ನನಗೆ ಹಿಡಿಸಿತು.

ಕುಂಬಳೆಯ ಬೈನಾಕ್ಯುಲರ್:
ಯಾವ ಮಿಂಚುಳ್ಳಿ? ಕೊಕ್ಕು ಕೆಂಪಾ ಕಪ್ಪಾ?

ಮುಳ್ಳೇರಿಯದ ಭಾವ:
ನೀಲಿ ಇತ್ತು ಮಾರಾಯ. ಕೊಕ್ಕು ನೋಡುವಷ್ಟರಲ್ಲಿ ಅದು ಇರಲಿಲ್ಲ.

ಬೈಲುಕರೆ:
ಸಂಕ ಈ ಭಾನುವಾರ ಹಾಕುತ್ತೇವೆ. ಎರಡು ಒಣ ಅಡಕೆ ಮರ ಆಚೆಮನೆಯವರು ಕೊಡುತ್ತೇನೆ ಅಂದಿದ್ದಾರೆ, ಕಾರು ತೆಗೆದುಕೊಂಡವರೇ. ಹಿಡಿದುಕೊಳ್ಳಲು ಬಿದಿರಿನ ಕೈತಾಂಗೂ ಕಟ್ಟೋಣ, ಭಾವನಂಥವರಿಗೆ ಆಗುತ್ತದೆ. ಹೊರಲು ನಾಲ್ಕು ಜನ ಬೇಕು, ಇರುವುದು ಇಬ್ಬರು. ಇಲ್ಲಿ ಇಷ್ಟೊಂದು ಬರೆದವರಲ್ಲಿ ಯಾರಾದರೂ ಬರುತ್ತೀರಾ?

ಉಪ್ಪಳ ಎಕ್ಸ್‌ಪ್ರೆಸ್:
ನಾನು ಬರುತ್ತೇನೆ ಅಣ್ಣ. ಎಷ್ಟು ಗಂಟೆಗೆ?

ಬೈಲುಕರೆ:
ಏಳು. ಹವಾಯಿ ಹಾಕಿಕೊಂಡು ಬರಬೇಡಿ.

ಕುಂಬಳೆಯ ಬೈನಾಕ್ಯುಲರ್:
ನನ್ನನ್ನೂ ಸೇರಿಸಿ. ಮಿಂಚುಳ್ಳಿಯ ಕೊಕ್ಕು ನೋಡಬೇಕು.

ಮುಳ್ಳೇರಿಯದ ಭಾವ:
ಮರ ಹೊರಲು ನನ್ನಿಂದಾಗದು. ಹಗ್ಗ, ಕತ್ತಿ, ಎಲ್ಲರಿಗೂ ಬನ್ಸ್ ತರುತ್ತೇನೆ.